ರಾಜಧಾನಿ ಸರಿದ ದಾರಿಯಲ್ಲಿ: ಕೆಳದಿಯಿಂದ ಕವಲೇದುರ್ಗದವರೆಗೆ ಮೂರು ದಿನ

ಶನಿವಾರ ಬೆಳಿಗ್ಗೆ ಸಾಗರದ ಪೇಟೆಯಲ್ಲಿ ನಿಂತು ನೋಡಿದರೆ, ಬೆಂಗಳೂರಿನ ಕಡೆಯಿಂದ ಬಂದ ಗಾಡಿಗಳು ಒಂದರ ಹಿಂದೊಂದು ಜೋಗದ ದಾರಿ ಹಿಡಿಯುವುದು ಕಾಣುತ್ತದೆ. ಒಂದಷ್ಟು ಗಾಡಿಗಳು ಸಿಗಂದೂರಿಗೆ ತಿರುಗುತ್ತವೆ, ಉಳಿದವರು ಸಂಜೆಯೊಳಗೆ ಕೊಲ್ಲೂರು ಮುಟ್ಟುವ ಲೆಕ್ಕದಲ್ಲಿರುತ್ತಾರೆ. ಇದೇ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗೆ, 1499ರಿಂದ 1763ರವರೆಗೆ ಮಲೆನಾಡನ್ನೂ ಕರಾವಳಿಯ ದೊಡ್ಡ ಭಾಗವನ್ನೂ ಆಳಿದ ಕೆಳದಿ ಅರಸರ ಎರಡು ರಾಜಧಾನಿಗಳಿವೆ. ಮೂರನೆಯದು ಘಟ್ಟದ ಅಂಚಿನ ಗುಡ್ಡಗಳ ನಡುವೆ ಅಡಗಿ ಕುಳಿತಿದೆ. ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಗಿರಿದುರ್ಗ ಅಲ್ಲಿಂದ ಮುಂದೆ, ತೀರ್ಥಹಳ್ಳಿಯ ಸೀಮೆಯಲ್ಲಿದೆ. ಈ ನಾಲ್ಕು ಊರುಗಳನ್ನು ಜನಸಂದಣಿಯ ಕಾಟವಿಲ್ಲದೆ, ಸ್ವಂತ ವಾಹನವಿದ್ದರೂ ಇಲ್ಲದಿದ್ದರೂ, ಮೂರು ದಿನದಲ್ಲಿ ನೋಡಿಬರುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ನೋಡುವ ಕ್ರಮವನ್ನು ಮೊದಲು ನಿಶ್ಚಯಿಸಿಕೊಳ್ಳಿ

ಮೊಬೈಲಿನ ನಕ್ಷೆಯಲ್ಲಿ ಯಾವುದು ಹತ್ತಿರವೆಂದು ತೋರುತ್ತದೋ ಅದನ್ನು ಮೊದಲು ನೋಡುವುದು ಎಲ್ಲರ ರೂಢಿ. ಇಲ್ಲಿ ಮಾತ್ರ ಹಾಗೆ ಮಾಡಬೇಡಿ. ರಾಜಧಾನಿ ಯಾವ ಕ್ರಮದಲ್ಲಿ ಸರಿಯಿತೋ ಅದೇ ಕ್ರಮದಲ್ಲಿ, ಅಂದರೆ ಕೆಳದಿ, ಇಕ್ಕೇರಿ, ಬಿದನೂರು ಎಂದು ಹೋಗಿ ಕೊನೆಗೆ ಕವಲೇದುರ್ಗವನ್ನು ಹತ್ತಿದರೆ, ಪುಸ್ತಕ ಓದಿ ಅರ್ಥವಾಗದ ಚರಿತ್ರೆ ರಸ್ತೆಯ ತಿರುವುಗಳಲ್ಲೇ ಅರ್ಥವಾಗುತ್ತದೆ. ಕೆಳದಿ ಇರುವುದು ಬಯಲು ಬಯಲಾದ ಗದ್ದೆ ಸೀಮೆಯಲ್ಲಿ. ಇಕ್ಕೇರಿಯದೂ ಹೆಚ್ಚುಕಡಿಮೆ ತೆರೆದ ನೆಲವೇ. 1637ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ದಂಡು ಇಕ್ಕೇರಿಯನ್ನು ಹೊಕ್ಕು ಸೂರೆ ಮಾಡಿದ ಮೇಲೆ, ಅಂಥ ನೆಲದಲ್ಲಿ ಗದ್ದುಗೆ ಇಟ್ಟುಕೊಳ್ಳುವುದು ಕ್ಷೇಮವಲ್ಲವೆಂದು ಅರಿತ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ಒಯ್ದ. ಸುತ್ತ ಗುಡ್ಡ, ದಟ್ಟ ಕಾಡು, ವರ್ಷದ ನಾಲ್ಕು ತಿಂಗಳು ಶತ್ರುವಿನ ಕುದುರೆಗೆ ಹೆಜ್ಜೆಯೂರಲು ಬಿಡದ ಮಳೆ. ಬೆನ್ನಿಗೆ ಕರಾವಳಿಗೆ ಇಳಿಯುವ ಘಟ್ಟದ ದಾರಿ. ಮೆಣಸೂ ಅಕ್ಕಿಯೂ ಕಡಲಿಗೆ ಹೋಗುತ್ತಿದ್ದದ್ದು ಆ ದಾರಿಯಲ್ಲಿಯೇ. ಸಾಗರದಿಂದ ಹೊರಟು ನಗರ (ಬಿದನೂರಿಗೆ ಈಗಿರುವ ಹೆಸರು) ಮುಟ್ಟುವ ಹೊತ್ತಿಗೆ ಕಾಡು ರಸ್ತೆಯ ಎರಡೂ ಮಗ್ಗುಲಿಗೆ ಒತ್ತಿಕೊಂಡು ಬರುತ್ತದೆ. ಕಾರಣವನ್ನು ಆಮೇಲೆ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಈ ಕ್ರಮದಲ್ಲಿ ಇನ್ನೊಂದು ಅನುಕೂಲವೂ ಉಂಟು. ಸಾಗರದಿಂದ ಹೊಸನಗರ, ನಗರ, ಕವಲೇದುರ್ಗ, ತೀರ್ಥಹಳ್ಳಿ ಹಾದು ಶಿವಮೊಗ್ಗಕ್ಕೆ ಬಂದರೆ ಒಂದು ಸುತ್ತು ಪೂರ್ಣವಾಗುತ್ತದೆ. ಹೋದ ದಾರಿಯಲ್ಲೇ ಮರಳುವ ಪ್ರಮೇಯ ಬರುವುದಿಲ್ಲ.

ಕಾಲ ನೋಡಿ ಹೊರಡಿ

ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೋಗದಿರುವುದು ಒಳ್ಳೆಯದು. ನಗರದ ಪಕ್ಕದ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಪೈಕಿ ಒಂದು. ನಾನು ಮೊದಲ ಸಲ ಹೋದದ್ದು ಜುಲೈನಲ್ಲಿ. ಕವಲೇದುರ್ಗದ ನೆತ್ತಿಯಲ್ಲಿ ನಿಂತು ಕಂಡದ್ದು ನನ್ನ ಕೊಡೆಯ ಒಳಭಾಗವಷ್ಟೇ. ಕಾಲಿಗೆ ಹತ್ತಿದ ಉಂಬಳಗಳನ್ನು ಉಪ್ಪು ಹಾಕಿ ಬಿಡಿಸುವುದರಲ್ಲೇ ಇಳಿಯುವ ಹೊತ್ತೆಲ್ಲ ಕಳೆಯಿತು. ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರಗಳವರೆಗಿನ ಕಾಲಕ್ಕೆ ಸಾಟಿಯಿಲ್ಲ. ಕೆರೆಕೊಳಗಳು ತುಂಬಿರುತ್ತವೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಅಡಿಕೆ ಕೊಯ್ಲು ಶುರುವಾಗಿ ಊರೂರಿನ ಅಂಗಳದಲ್ಲಿ ಸುಲಿಯುವ ಕೆಲಸ ನಡೆದಿರುತ್ತದೆ.

ಚಳಿ ಕಳೆದು ಬೇಸಿಗೆಗೆ ತಿರುಗುವ ತಿಂಗಳುಗಳಲ್ಲಿ ಹೋಗುವವರು ಮಂಗನ ಕಾಯಿಲೆಯ ಎಚ್ಚರಿಕೆಯನ್ನು ಹಗುರವಾಗಿ ಎಣಿಸಬಾರದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮೊದಲಿಗೆ ಗುರುತಿಸಲಾದ ಈ ರೋಗ ಕಾಡಿನ ಉಣುಗುಗಳಿಂದ ಹರಡುತ್ತದೆ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಉದ್ದ ತೋಳಿನ ಅಂಗಿ ತೊಡಿ, ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಕಾಡಿನ ತರಗೆಲೆಯ ಮೇಲೆ ಕೂರುವುದಾಗಲಿ ಮಲಗುವುದಾಗಲಿ ಮಾಡಬೇಡಿ, ತಿರುಗಿ ಬಂದ ಕೂಡಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ ಬಟ್ಟೆಯನ್ನು ಒಗೆಯಲು ಹಾಕಿ. ಈ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಹಂಚುತ್ತಾರೆ. ಯಾವ ಊರಿನ ಆಸುಪಾಸಿನಲ್ಲಿ ಮಂಗ ಸತ್ತಿದೆ, ಯಾವ ಕಾಡಿನ ಕಡೆ ಹೋಗಬಾರದು ಎಂಬುದು ಸಾಗರದ ಚಹಾದಂಗಡಿಯಲ್ಲೂ ಗೊತ್ತಿರುತ್ತದೆ, ಕೇಳಿಕೊಳ್ಳಿ. ಊರಿಗೆ ಮರಳಿದ ಹತ್ತು ಹನ್ನೆರಡು ದಿನದೊಳಗೆ ಜೋರು ಜ್ವರ ಬಂದರೆ, ಮಲೆನಾಡಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ತಿಳಿಸಲು ಮರೆಯಬೇಡಿ.

ಜಾತ್ರೆಯ ದಿನಗಳನ್ನೂ ನೋಡಿಕೊಳ್ಳಬೇಕು. ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಲ್ಲೂ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲೂ ಉಳಿಯಲು ಕೋಣೆ ಸಿಗುವುದಿಲ್ಲ. ಜಾತ್ರೆಯನ್ನೇ ನೋಡಬೇಕೆಂದರೆ ಅದು ಬೇರೆಯ ಪ್ರವಾಸ.

ಹೋಗುವುದು ಮತ್ತು ಬೀಡು ಬಿಡುವುದು

ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ಬೆಳಿಗ್ಗೆ ಸಾಗರ ಮುಟ್ಟಿಸುತ್ತದೆ. ನಿಲ್ದಾಣದ ಹೆಸರು ಸಾಗರ ಜಂಬಗಾರು; ಟಿಕೆಟ್ ಮಾಡಿಸುವಾಗ ಬರೀ ಸಾಗರವೆಂದು ಹುಡುಕಿ ಮಧ್ಯಪ್ರದೇಶದ ಸಾಗರದ ಗಾಡಿಗಳನ್ನು ಕಂಡು ಕಂಗಾಲಾದವರನ್ನು ಬಲ್ಲೆ. ಮೊದಲ ರಾತ್ರಿ ಸಾಗರದಲ್ಲಿ, ಎರಡನೆಯ ರಾತ್ರಿ ಹೊಸನಗರ ಇಲ್ಲವೆ ನಗರದ ಸುತ್ತಿನ ಮನೆವಾಸದಲ್ಲಿ ಉಳಿದರೆ ಸಲೀಸು. ಮನೆವಾಸದವರಿಗೆ ಹಿಂದಿನ ದಿನವೇ ಕರೆ ಮಾಡಿ ಊಟ ಬೇಕೆಂದು ಹೇಳಿಡಿ. ಹೇಳದೆ ಹೋದರೆ ಅನ್ನ ಸಾರಿಗೆ ತೃಪ್ತರಾಗಬೇಕು. ಹೇಳಿದರೆ ಕೊಟ್ಟೆ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಅದೃಷ್ಟವಿದ್ದರೆ ತೊಡದೇವು.

ಸ್ವಂತ ವಾಹನ ಇಲ್ಲದವರು ಚಿಂತಿಸಬೇಕಾಗಿಲ್ಲ. ಆದರೆ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ನಡೆಯುವುದಿಲ್ಲ. ಚಿಲ್ಲರೆ ಹಣ ಕೈಯಲ್ಲಿರಲಿ. ಒಂದು ಊರಿನಲ್ಲಿ ಇಳಿದ ಕೂಡಲೆ ಮಾಡಬೇಕಾದ ಮೊದಲ ಕೆಲಸ ದೇವಸ್ಥಾನದ ಕಡೆ ನಡೆಯುವುದಲ್ಲ, ಅಲ್ಲಿಂದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಅಂಗಡಿಯಲ್ಲಿ ವಿಚಾರಿಸುವುದು. ಒಬ್ಬರನ್ನಲ್ಲ, ಇಬ್ಬರನ್ನು ಕೇಳಿ. ಇಬ್ಬರೂ ಬೇರೆ ಬೇರೆ ಸಮಯ ಹೇಳಿದರೆ ಎರಡರಲ್ಲಿ ಬೇಗನೆ ಬರುವ ಸಮಯವನ್ನು ನಂಬಿ.

ಮೊದಲ ದಿನ: ಕೆಳದಿ, ಆಮೇಲೆ ಇಕ್ಕೇರಿ

ಕೆಳದಿಯನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಹುತ್ತದ ಮೇಲೆ ಹಸು ಹಾಲು ಸುರಿಸಿದ್ದು, ಅಲ್ಲಿ ಲಿಂಗ ಸಿಕ್ಕಿದ್ದು, ಕೆಳದಿ ಮನೆತನದ ಮೂಲಪುರುಷ ಚೌಡಪ್ಪನಿಗೆ ನಿಧಿ ದೊರೆತದ್ದು, ಆ ನಿಧಿಗಾಗಿ ಯಾದವ ಮತ್ತು ಮುರಾರಿ ಎಂಬ ಆಳುಗಳು ತಮ್ಮ ತಲೆಯನ್ನೇ ಕೊಟ್ಟದ್ದು, ಈ ಕಥೆಗಳನ್ನು ಊರಿನವರು ನಿಮಗೆ ಹೇಳಿಯೇ ಹೇಳುತ್ತಾರೆ. ಒಂದೇ ಆವರಣದಲ್ಲಿ ರಾಮೇಶ್ವರ ಮತ್ತು ವೀರಭದ್ರ ಗುಡಿಗಳಿವೆ. ವೀರಭದ್ರ ಗುಡಿಯ ಒಳಗೆ ಹೋದಾಗ ತಲೆಯೆತ್ತಿ ಮೇಲ್ಛಾವಣಿಯ ಗಂಡಭೇರುಂಡವನ್ನು ನೋಡಿ. ಹತ್ತಿರದ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳೂ ಕೆಳದಿ ಕಾಲದ ದಾಖಲೆಗಳೂ ಇವೆ, ತೆರೆದಿರುವ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಕೆಳದಿಯ ರಾಣಿ ಚೆನ್ನಮ್ಮನ ಹೆಸರು ಕೇಳಿ ಇಲ್ಲಿಗೆ ಬರುವವರು ಒಂದನ್ನು ನೆನಪಿಡಬೇಕು: ಶಿವಾಜಿಯ ಮಗ ರಾಜಾರಾಮನಿಗೆ ಆಕೆ ಆಶ್ರಯ ಕೊಟ್ಟದ್ದು 1689ರಲ್ಲಿ. ಆ ಹೊತ್ತಿಗೆ ರಾಜಧಾನಿ ಬಿದನೂರಿಗೆ ಹೋಗಿ ಅರ್ಧ ಶತಮಾನವಾಗಿತ್ತು. ಕೆಳದಿ ಮನೆತನಕ್ಕೆ ಹೆಸರಾಗಿ ಉಳಿದುಕೊಂಡಿತ್ತು.

ಮಧ್ಯಾಹ್ನ ಸಾಗರಕ್ಕೆ ಬಂದು ಊಟ ಮುಗಿಸಿ ಇಕ್ಕೇರಿಗೆ ಹೊರಡಿ. ಈ ಮೂರು ದಿನದಲ್ಲಿ ಹೆಚ್ಚು ಹೊತ್ತನ್ನು ನೀವು ಎಲ್ಲಿಯಾದರೂ ಕಳೆಯಬೇಕಾದರೆ ಅದು ಅಘೋರೇಶ್ವರ ದೇವಾಲಯದಲ್ಲಿ. ಬೇಲೂರು ಹಳೇಬೀಡು ನೋಡಿ ಪಳಗಿದ ಕಣ್ಣಿಗೆ ಇದು ಮೊದಲು ದೊಡ್ಡ ಕಲ್ಲಿನ ಕಟ್ಟಡವೊಂದಾಗಿ ಮಾತ್ರ ಕಾಣಬಹುದು. ಗಾತ್ರ ಎದ್ದು ಕಾಣುತ್ತದೆ, ಕುಸುರಿ ತಕ್ಷಣ ಕಾಣುವುದಿಲ್ಲ. ಹಾಗಾಗಿ ಒಳಗೆ ಹೋಗುವ ಮುನ್ನ ಒಂದು ಪ್ರದಕ್ಷಿಣೆ ಹಾಕಿ. ಮುಂದಿನ ನಂದಿಮಂಟಪದಲ್ಲಿ ಕುಳಿತು ಸ್ವಲ್ಪ ಹೊತ್ತು ಸುಮ್ಮನಿರಿ. ಆಮೇಲೆ ಒಳಗೆ ಬಂದು ಮೂರು ಸಂಗತಿಗಳನ್ನು ಹುಡುಕಿ ನೋಡಿ.

ಒಂದು, ನೆಲ. ಗರ್ಭಗುಡಿಯೆದುರಿನ ಹಾಸುಗಲ್ಲಿನ ಮೇಲೆ ದೇವರಿಗೆ ಅಡ್ಡಬಿದ್ದ ಭಂಗಿಯಲ್ಲಿ ಕೆಳದಿ ಅರಸರ ಆಕೃತಿಗಳನ್ನು ಕೊರೆದಿದ್ದಾರೆ. ಭಕ್ತರ ಪಾದಧೂಳಿ ತಮ್ಮ ಮೇಲೆ ಬೀಳಲೆಂದು ಅವರೇ ಹಾಗೆ ಕೆತ್ತಿಸಿಕೊಂಡರೆಂದು ಇಲ್ಲಿಯವರು ಹೇಳುತ್ತಾರೆ. ಕಾಲ್ತುಳಿತಕ್ಕೆ ಗೆರೆಗಳು ಸವೆದಿವೆ. ನೇರ ಬೆಳಕಿನಲ್ಲಿ ಏನೂ ಕಾಣದು. ಬಾಗಿಲ ಕಡೆಯಿಂದ ಓರೆಯಾಗಿ ಬೆಳಕು ಬೀಳುವಾಗ ಕುಕ್ಕರುಗಾಲಿನಲ್ಲಿ ಕುಳಿತು, ಕಣ್ಣನ್ನು ನೆಲದ ಮಟ್ಟಕ್ಕೆ ತಂದರೆ ಮೊದಲು ಜೋಡಿಸಿದ ಕೈಗಳು, ಅನಂತರ ಮೈ, ಕೊನೆಗೆ ಮೇಲೆ ಬರೆದ ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಎರಡು, ಪೀಠ. ಬಾಗಿಲಿನಿಂದ ಇಣುಕಿದರೆ ಗರ್ಭಗುಡಿಯ ಬಹುಭಾಗವನ್ನು ಆಕ್ರಮಿಸಿಕೊಂಡ ಅಗಾಧ ಪೀಠ ಕಾಣುತ್ತದೆ. ಅದರ ಸುತ್ತ 32 ಸ್ತ್ರೀಮೂರ್ತಿಗಳು ಕುಳಿತಿವೆ. ಇದರ ಮೇಲಿದ್ದ ಮೂಲ ಮೂರ್ತಿ ಈಗಿಲ್ಲ.

ಮೂರನೆಯದು ಕಂಬಗಳ ನಡುವಿನ ಖಾಲಿ ಜಾಗ. ಇದನ್ನು ಯಾರೂ ತೋರಿಸುವುದಿಲ್ಲ, ನನಗಂತೂ ಇಡೀ ದೇವಾಲಯದಲ್ಲಿ ಇದೇ ಹೆಚ್ಚು ಇಷ್ಟ. ಇಲ್ಲಿನ ಕಂಬದಿಂದ ಕಂಬಕ್ಕಿರುವ ಅಂತರವನ್ನೇ ತೋಟದ ಜಮೀನಿನ ಅಳತೆಗೋಲಾಗಿ ಹಿಡಿದಿದ್ದರೆಂದೂ, ಅದು 18 ಅಡಿ 6 ಅಂಗುಲವೆಂದೂ, ಅಷ್ಟು ಅಳತೆಯ ಜಾಗಕ್ಕೆ ‘ದಾಯ’ವೆಂಬ ಹೆಸರಿತ್ತೆಂದೂ ಹಳೆಯ ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ತೆರಿಗೆಯ ಗೋಲಿನ ಬಗ್ಗೆ ರೈತನಿಗೂ ಶಾನುಭೋಗನಿಗೂ ಜಗಳ ಬಂದರೆ ದೇವರ ಎದುರಿಗೆ ಬಂದು ಅಳೆದು ನೋಡಬಹುದಿತ್ತು. ಕೆಳದಿಯ ಅರಸ ಶಿವಪ್ಪ ನಾಯಕನ ‘ಶಿಸ್ತು’, ಅಂದರೆ ಮಣ್ಣಿನ ಗುಣ ನೋಡಿ ಜಮೀನನ್ನು ದರ್ಜೆಗಳಾಗಿ ವಿಂಗಡಿಸಿ ಕಂದಾಯ ಕಟ್ಟಿದ ಏರ್ಪಾಡು, ಇಂಥ ಅಳತೆಗಳ ಮೇಲೆ ನಿಂತದ್ದು. ಇದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದೂ ಭತ್ತ ಅಳೆಯುವ ಕೊಳಗದ ತಕರಾರಿನಿಂದಲೇ ಎಂಬುದು ಇಲ್ಲಿ ನಿಂತಾಗ ನೆನಪಾಗದೆ ಇರದು. ಒಂದು ಅಳತೆಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಆದರೆ ಅರ್ಚಕರ ಅಪ್ಪಣೆ ಪಡೆದು ಬಿಚ್ಚಿ.

1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಕಂಡದ್ದು ವೆಂಕಟಪ್ಪ ನಾಯಕನ ಕಾಲದ ದೊಡ್ಡ ರಾಜಧಾನಿ. ಇಂದು ದೇವಾಲಯದ ಗೋಡೆಯಾಚೆ ಇರುವುದು ಗದ್ದೆ, ತೋಟ, ಕೆಲವು ಮನೆಗಳು. ಸಂಜೆ ಆರಕ್ಕೆ ಸಾಗರಕ್ಕೆ ಮರಳಿದರೆ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನಲ್ಲಿ ನಾಟಕವಿದೆಯೇ ಎಂದು ವಿಚಾರಿಸಿ, ಹೆಗ್ಗೋಡು ದೂರವೇನಲ್ಲ.

ಎರಡನೆಯ ದಿನ: ನಗರ, ಹೊಸನಗರವಲ್ಲ

ಇಲ್ಲಿ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಬಿದಿರಿನ ಊರು ಬಿದನೂರಾಯಿತು. 1763ರಲ್ಲಿ ಅದನ್ನು ರಾಣಿ ವೀರಮ್ಮಾಜಿಯಿಂದ ಗೆದ್ದ ಹೈದರಾಲಿ ತನ್ನ ಹೆಸರು ಸೇರಿಸಿ ಹೈದರ್‌ನಗರ ಮಾಡಿದ. ಜನ ಹೈದರನನ್ನು ಬಿಟ್ಟು ನಗರವನ್ನಷ್ಟೇ ಉಳಿಸಿಕೊಂಡರು. ಮುಂದೆ ತಾಲ್ಲೂಕು ಕಚೇರಿಗಳು ಕಲ್ಲೂರುಕಟ್ಟೆ ಎಂಬಲ್ಲಿಗೆ ಹೋದಾಗ ಆ ಊರು ಹೊಸನಗರವೆನಿಸಿತು. ನಾನು ಒಮ್ಮೆ ಹೊಸನಗರದಲ್ಲಿ ಇಳಿದು, ಕೋಟೆ ಎಲ್ಲಿದೆಯೆಂದು ಕೇಳಿ, ಬಸ್‌ಸ್ಟ್ಯಾಂಡಿನವರ ನಗೆಗೆ ಪಾತ್ರನಾಗಿದ್ದೇನೆ; ಕೋಟೆ ಇನ್ನೂ ಹದಿನೇಳು ಕಿಲೋಮೀಟರು ಮುಂದಿತ್ತು. ಟಿಕೆಟ್ ಕೇಳುವಾಗ ‘ಬಿದನೂರು ನಗರ’ ಎನ್ನಿ.

ನಗರದ ಕೋಟೆ ರಸ್ತೆಯ ಮಗ್ಗುಲಲ್ಲೇ ಇದೆ. ಹೀಗೆ ಸುಲಭವಾಗಿ ಸಿಗುವುದೇ ಅದಕ್ಕೆ ಮುಳುವಾಗಿದೆ. ಕೊಲ್ಲೂರಿಗೆ ಹೋಗುವವರು ಹತ್ತು ನಿಮಿಷ ಗಾಡಿ ನಿಲ್ಲಿಸಿ, ಹೆಬ್ಬಾಗಿಲ ಮುಂದೆ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ನೀವು ಒಳಗೆ ಹೋಗಿ, ಅಕ್ಕತಂಗಿಯರ ಕೊಳವನ್ನೂ ದರ್ಬಾರಿನ ಜಗುಲಿಯ ಅವಶೇಷವನ್ನೂ ದಾಟಿ, ಎತ್ತರದ ಬುರುಜಿನವರೆಗೆ ಹತ್ತಿ. ಮೇಲಿಂದ ನೋಡಿದಾಗ ಗುಡ್ಡಗಳು ಊರನ್ನು ಸುತ್ತುಗಟ್ಟಿ ನಿಂತಿರುವುದು ಕಾಣುತ್ತದೆ. ನಡುವಿನ ಈ ಕೋಟೆ ಅರಮನೆಗಷ್ಟೇ ಕಾವಲು. ಇಷ್ಟಾದರೂ ಹೈದರ ಒಳಗೆ ಬಂದ. ಇಲ್ಲಿ ಸಿಕ್ಕ ಸಂಪತ್ತೇ ಅವನ ಮುಂದಿನ ಏಳಿಗೆಗೆ ಬುನಾದಿಯಾಯಿತು. ವೀರಮ್ಮಾಜಿಯನ್ನು ಹಿಡಿದು ಮಧುಗಿರಿಯ ದುರ್ಗದಲ್ಲಿ ಸೆರೆಯಿಟ್ಟರು. ನಗರ ಅಲ್ಲಿಗೂ ಸುಮ್ಮನಾಗಲಿಲ್ಲ: 1830ರಲ್ಲಿ ಕಂದಾಯದ ಕಿರುಕುಳಕ್ಕೆ ಬೇಸತ್ತ ರೈತರು ಎದ್ದ ನಗರದ ದಂಗೆಯೇ, ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಳ್ಳಲು ನೆಪವಾಯಿತು.

ಕೋಟೆಯಿಂದ ಇಳಿದು, ನೀಲಕಂಠೇಶ್ವರ ಗುಡಿಯನ್ನು ನೋಡಿಕೊಂಡು, ಬಸವನಬ್ಯಾಣದ ದೇವಗಂಗೆಗೆ ಹೋಗಿ. ರಸ್ತೆಯಿಂದ ಒಳಗಿರುವುದರಿಂದ ಇಲ್ಲಿ ಜನ ಕಡಿಮೆ. ಗುಡ್ಡದ ಬುಡದಿಂದ ಬರುವ ನೀರನ್ನು ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯಬಿಟ್ಟಿದ್ದಾರೆ. ನಡುವಿನ ದೊಡ್ಡ ಕೊಳದಲ್ಲಿ ಪುಟ್ಟ ಗುಡಿಯೊಂದಿದೆ, ಸುತ್ತ ಬೇರೆ ಬೇರೆ ಆಕಾರದ ಸಣ್ಣ ಕೊಳಗಳಿವೆ. ಸೋಪು, ಶಾಂಪೂ ಹಚ್ಚಿ ಇಲ್ಲಿ ಸ್ನಾನಕ್ಕಿಳಿಯುವವರನ್ನು ಕಂಡು ಹೊಟ್ಟೆ ಉರಿದಿದೆ. ಮೆಟ್ಟಿಲಿನ ಮೇಲೆ ಕುಳಿತು ಕಾಲನ್ನೂ ಇಳಿಬಿಡದೆ ನೀರು ಹರಿಯುವ ಸದ್ದು ಕೇಳಿದರೆ ಸಾಕು.

ಮೂರನೆಯ ದಿನ: ಕವಲೇದುರ್ಗ

ಒಂದು ಕಾಲಕ್ಕೆ ಇಡೀ ತಾಲ್ಲೂಕಿಗೇ ಕವಲೇದುರ್ಗವೆಂಬ ಹೆಸರಿತ್ತು. ಈಗ ತೀರ್ಥಹಳ್ಳಿಯಿಂದ ಸುಮಾರು ಹದಿನೆಂಟು ಕಿಲೋಮೀಟರು ದೂರದ ಪುಟ್ಟ ಹಳ್ಳಿ ಅದು. ಬಸ್ಸಿನಲ್ಲಿ ಬರುವವರು ಮುಖ್ಯರಸ್ತೆಯಲ್ಲಿಳಿದು ಒಳಗೆ ನಡೆಯಬೇಕಾಗಬಹುದು, ಇಲ್ಲವೆ ತೀರ್ಥಹಳ್ಳಿಯಿಂದ ಹೋಗಿಬರಲು ಆಟೋ ಗೊತ್ತುಮಾಡಿಕೊಳ್ಳಬಹುದು. ಆಟೋದವರ ಜೊತೆ ಕಾಯುವ ಹೊತ್ತಿನ ಮಾತನ್ನೂ ಮೊದಲೇ ಆಡಿಕೊಳ್ಳಿ. ಈ ಮಾತು ಆಡದೆ ಹೋಗಿದ್ದ ನಾನು ಇಳಿದು ಬರುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಹಾಲಿನ ಕ್ಯಾನು ಒಯ್ಯುತ್ತಿದ್ದ ಬೈಕಿನವರೊಬ್ಬರು ದಾರಿಯಲ್ಲಿ ಸಿಗದಿದ್ದರೆ ಆ ರಾತ್ರಿ ಯಾರ ಮನೆಯ ಜಗುಲಿಯಲ್ಲಿ ಕಳೆಯುತ್ತಿತ್ತೋ ಗೊತ್ತಿಲ್ಲ.

ಎಂಟು ಗಂಟೆಗೆಲ್ಲ ಹತ್ತಲು ಶುರುಮಾಡಿ. ನೀರು, ಸ್ವಲ್ಪ ತಿಂಡಿ ಜೊತೆಗಿರಲಿ, ಮೇಲೆ ಏನೂ ಸಿಗುವುದಿಲ್ಲ. ದಾರಿ ಗದ್ದೆಯ ಬದಿಯಲ್ಲಿ ಹೊರಟು ಕಾಡು ಹೊಗುತ್ತದೆ. ಅಲ್ಲಿಂದ ಮುಂದೆ ಹಳೆಯ ಕಲ್ಲುಹಾಸು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಚಪ್ಪಲಿ ನಿಲ್ಲುವುದಿಲ್ಲ, ಹಿಡಿತವಿರುವ ಬೂಟು ಬೇಕು. ಒಂದರ ಮೇಲೊಂದರಂತೆ ಮೂರು ಸುತ್ತಿನ ಕೋಟೆಯಿದು. ಪ್ರತಿ ಹೆಬ್ಬಾಗಿಲಲ್ಲೂ ದಾರಿ ನೇರವಾಗಿ ಒಳಗೆ ಹೋಗದೆ ತಿರುಗುತ್ತದೆ; ಓಡಿಬಂದ ಆನೆ ಬಾಗಿಲನ್ನು ಗುದ್ದಬಾರದೆಂಬ ಯುಕ್ತಿ. ಬಾಗಿಲ ಒಳಮಗ್ಗುಲಿನ ಕಾವಲುಗಾರರ ಜಗುಲಿಯಲ್ಲಿ ಕುಳಿತು ದಣಿವಾರಿಸಿಕೊಳ್ಳುವಾಗ ಗೋಡೆಯ ನಾಗಬಂಧದ ಕೆತ್ತನೆ ನೋಡಿ.

ಮೇಲೆ ಬಂದಾಗ ಮೊದಲು ಎದುರಾಗುವ ದೊಡ್ಡ ಗುಡಿ ಕಾಶಿ ವಿಶ್ವನಾಥನದು. ಹೆಚ್ಚಿನವರು ಅಲ್ಲಿಂದ ನೇರವಾಗಿ ನೆತ್ತಿಯ ಕಡೆ ಓಡುತ್ತಾರೆ. ಅದಕ್ಕೂ ಮೊದಲು ಅರಮನೆಯ ತಳಪಾಯದ ಜಾಗವನ್ನು ಹೊಕ್ಕು ನೋಡಿ. ಗೋಡೆಗಳಿಲ್ಲ, ಕಂಬದ ಬುಡಗಳಿವೆ. ನೀರು ಹರಿದುಹೋಗಲು ಮಾಡಿದ ಕಲ್ಲಿನ ಕಾಲುವೆಯಿದೆ. ಅಡುಗೆಮನೆಯ ಜಾಗದಲ್ಲಿ ಒಂದೇ ಬೆಂಕಿಗೆ ಹಲವು ಪಾತ್ರೆ ಇಡಬಹುದಾದ ಕಲ್ಲಿನ ಒಲೆಯಿದೆ. ಈ ಒಲೆಯ ಮುಂದೆ ಕುಳಿತ ಮೇಲೆ ಮುತ್ತಿಗೆಯ ದಿನಗಳಲ್ಲಿ ಇಲ್ಲಿ ಎಷ್ಟು ಜನಕ್ಕೆ ಅನ್ನವಾಗುತ್ತಿತ್ತೋ, ಸೌದೆ ಯಾರು ಹೊತ್ತು ತರುತ್ತಿದ್ದರೋ ಎಂದೆಲ್ಲ ತಲೆ ಓಡತೊಡಗುತ್ತದೆ. ನೀರಿಗೇನೂ ಕೊರತೆ ಇರಲಿಲ್ಲವೆಂಬುದಕ್ಕೆ ಬೆಟ್ಟದ ಮೇಲಿನ ಕೊಳಗಳೇ ಸಾಕ್ಷಿ. ಹುಲ್ಲು ಮುಚ್ಚಿದ ಅಂಚುಗಳಿರುವುದರಿಂದ ಮಕ್ಕಳನ್ನು ಒಂಟಿಯಾಗಿ ಓಡಾಡಲು ಬಿಡಬೇಡಿ.

ನೆತ್ತಿಯ ಬಂಡೆಯ ಮೇಲೆ ಶಿಖರೇಶ್ವರನ ಚಿಕ್ಕ ಗುಡಿಯಿದೆ. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಘಟ್ಟದ ಸಾಲು, ಅದರ ನಡುವೆ ಕೊಡಚಾದ್ರಿ, ಕೆಳಗೆ ವಾರಾಹಿ ಯೋಜನೆಯ ಹಿನ್ನೀರು ಕಾಣುತ್ತವೆ. ಸೂರ್ಯಾಸ್ತ ನೋಡಲೆಂದು ಅನೇಕರು ಸಂಜೆ ಹತ್ತುತ್ತಾರೆ. ನನ್ನ ಸಲಹೆ ಬೇಡವೆಂದೇ. ಕತ್ತಲಾದ ಮೇಲೆ ಆ ಕಲ್ಲುಹಾಸಿನಲ್ಲಿ ಇಳಿಯುವುದು ಅಪಾಯ, ಅದೂ ಅಲ್ಲದೆ ವಾರದ ಕೊನೆಯಲ್ಲಿ ಇದ್ದಬದ್ದ ಗದ್ದಲವೆಲ್ಲ ಸೇರುವುದು ಆ ಹೊತ್ತಿಗೇ. ಮಂಗಳವಾರ ಬುಧವಾರದ ಬೆಳಿಗ್ಗೆ ಹೋದರೆ ನಿಮ್ಮ ಜೊತೆಗಿರುವುದು ದನ ಕಾಯುವವರು, ಬಿಟ್ಟರೆ ಗಾಳಿ. ಇಲ್ಲಿಯೂ ಇಕ್ಕೇರಿ, ನಗರಗಳಲ್ಲಿಯೂ ಅನುಮತಿಯಿಲ್ಲದೆ ಡ್ರೋನ್ ಹಾರಿಸಬಾರದು. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಹಾಕಲು ಮೇಲೆ ತೊಟ್ಟಿ ಇದೆಯೆಂದು ನಂಬಿ ಹೋಗದೆ, ಖಾಲಿ ಚೀಲವೊಂದನ್ನು ಒಯ್ಯಿರಿ.

ಹನ್ನೆರಡರೊಳಗೆ ಇಳಿದರೆ ಮಧ್ಯಾಹ್ನದ ಊಟಕ್ಕೆ ತೀರ್ಥಹಳ್ಳಿ ಸಿಗುತ್ತದೆ. ಅಲ್ಲಿಂದ ಶಿವಮೊಗ್ಗಕ್ಕೆ ಬಸ್ಸುಗಳು ಬಿಡುವಿಲ್ಲದೆ ಓಡುತ್ತವೆ, ರಾತ್ರಿಯ ರೈಲಿಗೆ ಬೇಕಾದಷ್ಟು ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲಿ ತುಂಗೆಯ ದಂಡೆಗೆ ಇಳಿದು, ಬಂಡೆಗಳ ಮೇಲೆ ಕುಳಿತು, ಷರಾಯಿಯ ಅಂಚು ಬಿಚ್ಚಿ ಉಣುಗು ಹತ್ತಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.